ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ವೈ-ಫೈ ಕಡಿತ: ರಿಟರ್ನ್ ಸಲ್ಲಿಸುವವರು ತಿಳಿದಿರಬೇಕಾದ ವಿಚಾರಗಳು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಕ್ತಾಯಗೊಂಡಿತು. ಹೊಸ ಆವೃತ್ತಿಗೆ ಒಗ್ಗದ ಹಳೆಯ ಲ್ಯಾಪ್‌ಟಾಪ್‌ಗಳನ್ನು ಗುಜರಿಗೆ ಹಾಕುವ ಬದಲು ಉಬುಂಟು, ಲಿನಕ್ಸ್ ಮಿಂಟ್ ಮೊದಲಾದ ಉಚಿತ ವ್ಯವಸ್ಥೆಗಳನ್ನು ಅಳವಡಿಸಿಕೊಂಡವರು ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ನಮ್ಮ ವ್ಯಾಪಾರಸ್ಥರಲ್ಲಿಯೂ ಇದ್ದಾರೆ. ಉಳಿತಾಯದ ದೃಷ್ಟಿಯಿಂದ ಇದು ಯೋಗ್ಯ ನಿರ್ಧಾರವೇ ಸರಿ. ಆದರೆ ವೈ-ಫೈ ಕಾರ್ಡಿನ ಡ್ರೈವರ್ ಕೈಕೊಟ್ಟ ದಿನ ರಿಟರ್ನ್‌ನ ಕೊನೆಯ ದಿನವೂ ಆಗಿದ್ದರೆ, ಆ ಉಳಿತಾಯ ದಂಡದ ರೂಪದಲ್ಲಿ ಹೊರಟುಹೋಗಬಹುದು.

ಕಾರ್ಕಳದ ಗೇರುಬೀಜ ಕಾರ್ಖಾನೆಯೊಂದರಲ್ಲಿ ಹೀಗೆಯೇ ಆಯಿತು. ತಿಂಗಳ 20ನೇ ತಾರೀಕಿನ ಸಂಜೆ ಜಿಎಸ್‌ಟಿಆರ್-3ಬಿ ಸಲ್ಲಿಸಲು ಕುಳಿತಾಗ ಲ್ಯಾಪ್‌ಟಾಪ್‌ನಲ್ಲಿ ವೈ-ಫೈ ಗುರುತೇ ಕಾಣಿಸಲಿಲ್ಲ. ಇಂಟರ್ನೆಟ್ ಕಂಪನಿಗೆ ದೂರು ನೀಡುವುದರಲ್ಲಿ ಎರಡು ಗಂಟೆ ಕಳೆಯಿತು. ಅದೇ ವೈ-ಫೈ ಮಾಲೀಕರ ಮೊಬೈಲಿನಲ್ಲಿ ಸರಿಯಾಗಿಯೇ ಇತ್ತೆಂಬುದನ್ನು ಯಾರೂ ಗಮನಿಸಿರಲಿಲ್ಲ.

ಆದುದರಿಂದ ಮೊದಲ ಪರೀಕ್ಷೆ ಇದು: ಮೊಬೈಲಿನಲ್ಲಿ ಸಂಪರ್ಕವಿದ್ದು ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇಲ್ಲವಾದರೆ ದೋಷವು ಲ್ಯಾಪ್‌ಟಾಪ್‌ನದ್ದು. ಕೀಲಿಮಣೆಯ ವೈ-ಫೈ ಗುಂಡಿ ಅಥವಾ ಏರೋಪ್ಲೇನ್ ಮೋಡ್ ತಪ್ಪಿ ಒತ್ತಲ್ಪಟ್ಟಿದೆಯೇ ಎಂದು ನೋಡಿರಿ. ಇಲ್ಲವೆಂದಾದರೆ ಸಂಶಯವು ಡ್ರೈವರ್‌ನ ಮೇಲೆ.

ಗೇರುಬೀಜಕ್ಕೆ ತಿರುಳಿರುವಂತೆ ಲಿನಕ್ಸ್‌ಗೂ ಕರ್ನೆಲ್ ಎಂಬ ತಿರುಳಿದೆ. ಕಾರ್ಡನ್ನು ನಡೆಸುವ ಡ್ರೈವರ್ ಈ ಕರ್ನೆಲ್‌ಗೆ ಹೊಂದಿಕೆಯಾಗಿರಬೇಕು. ಇಂಟೆಲ್ ಕಾರ್ಡುಗಳ ಡ್ರೈವರ್ ಕರ್ನೆಲ್‌ನೊಳಗೇ ಬರುತ್ತದೆ. ಆದರೆ ಕೆಲವು ಬ್ರಾಡ್‌ಕಾಮ್ ಮತ್ತು ರಿಯಲ್‌ಟೆಕ್ ಕಾರ್ಡುಗಳಿಗೆ ಡ್ರೈವರನ್ನು ಹೊರಗಿನಿಂದ ಸೇರಿಸಬೇಕಾಗುತ್ತದೆ. ಅಪ್‌ಡೇಟ್‌ನಿಂದ ಕರ್ನೆಲ್ ಬದಲಾದಾಗ ಹೀಗೆ ಸೇರಿಸಿದ ಡ್ರೈವರ್ ಹೊಸ ಕರ್ನೆಲ್‌ಗೆ ಮರುಜೋಡಣೆಯಾಗದಿದ್ದರೆ ಕಾರ್ಡು ನಿಂತುಹೋಗುತ್ತದೆ. ಕಾರ್ಖಾನೆಯಲ್ಲಿ ಆದದ್ದೂ ಇದೇ. ಹಿಂದಿನ ದಿನವಷ್ಟೇ ಅಪ್‌ಡೇಟ್ ಆಗಿತ್ತು.

ಪರಿಹಾರವು ಸರಳ. ಉಬುಂಟು, ಮಿಂಟ್‌ಗಳಲ್ಲಿ ಸಾಮಾನ್ಯವಾಗಿ ಹಿಂದಿನ ಕರ್ನೆಲ್ ಅಳಿಸಿಹೋಗಿರುವುದಿಲ್ಲ. ಲ್ಯಾಪ್‌ಟಾಪನ್ನು ಮರಳಿ ಚಾಲೂ ಮಾಡುವಾಗ ಗ್ರಬ್ ಪಟ್ಟಿಯ 'ಅಡ್ವಾನ್ಸ್ಡ್ ಆಪ್ಷನ್ಸ್'ನಲ್ಲಿ ಹಳೆಯ ಕರ್ನೆಲ್ ಆರಿಸಿಕೊಂಡರೆ ಬಹುಮಟ್ಟಿಗೆ ಸಂಪರ್ಕ ಮರಳುತ್ತದೆ. ಅನಂತರ ಬಿಡುವಿನಲ್ಲಿ 'ಡ್ರೈವರ್ ಮ್ಯಾನೇಜರ್' ಮೂಲಕ ಡ್ರೈವರನ್ನು ಮತ್ತೆ ಅಳವಡಿಸಬಹುದು. ಡಿಕೆಎಂಎಸ್ ವ್ಯವಸ್ಥೆಯೊಡನೆ ಅಳವಡಿಸಿದರೆ ಪ್ರತಿ ಹೊಸ ಕರ್ನೆಲ್‌ಗೂ ಮರುಜೋಡಣೆ ತಾನಾಗಿಯೇ ನಡೆಯುತ್ತದೆ. 'ಸೆಕ್ಯೂರ್ ಬೂಟ್' ಚಾಲನೆಯಲ್ಲಿದ್ದರೆ ಸಹಿಯಿಲ್ಲದ ಡ್ರೈವರ್ ತಿರಸ್ಕೃತವಾಗುವುದೆಂಬುದೂ ನೆನಪಿರಲಿ.

ವೈ-ಫೈ ಕಾಣಿಸುತ್ತಿದ್ದು ಆಗಾಗ ಕಡಿದುಹೋಗುತ್ತಿದ್ದರೆ ಕಾರಣ ಬೇರೆ. ಬ್ಯಾಟರಿ ಉಳಿತಾಯಕ್ಕಾಗಿ ಕಾರ್ಡನ್ನು ಅರೆನಿದ್ರೆಗೆ ತಳ್ಳುವ 'ಪವರ್ ಸೇವ್' ಸೌಲಭ್ಯವು ಕೆಲವು ಡ್ರೈವರ್‌ಗಳಿಗೆ ಸರಿಹೊಂದುವುದಿಲ್ಲ. ನೆಟ್‌ವರ್ಕ್ ಮ್ಯಾನೇಜರ್‌ನ ವ್ಯವಸ್ಥೆಯಲ್ಲಿ ಇದರ ಮೌಲ್ಯವನ್ನು 3ರಿಂದ 2ಕ್ಕೆ ಬದಲಾಯಿಸಿದರೆ ಸೌಲಭ್ಯವು ನಿಲ್ಲುತ್ತದೆ. ಈ ಕೆಲಸವನ್ನು ತಿಳಿದವರಿಂದ ಮಾಡಿಸಿರಿ. ಕಾರ್ಡಿನ ಚಿಪ್ ಯಾವ ಕಂಪನಿಯದೆಂದು ತಿಳಿಯದೆ ಹೊಸ ಕಾರ್ಡು ಖರೀದಿಸುವುದು ಮಾತ್ರ ಬೇಡ. ಅದಕ್ಕೂ ಇದೇ ತೊಂದರೆ ಬರಬಹುದು.

ತುರ್ತಿಗೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ 'ಟೆದರಿಂಗ್' ಚಾಲೂ ಮಾಡಿರಿ. ವೈ-ಫೈ ಡ್ರೈವರ್‌ನ ಹಂಗಿಲ್ಲದೆ ಲ್ಯಾಪ್‌ಟಾಪ್‌ಗೆ ಇಂಟರ್ನೆಟ್ ದೊರೆಯುತ್ತದೆ. ಕಾರ್ಖಾನೆಯವರು ಆ ರಾತ್ರಿ ಹನ್ನೊಂದಕ್ಕೆ ರಿಟರ್ನ್ ಸಲ್ಲಿಸಿದ್ದು ಹೀಗೆಯೇ.

ವಿಳಂಬದ ಬೆಲೆಯನ್ನೂ ತಿಳಿದಿರೋಣ. ಜಿಎಸ್‌ಟಿಆರ್-3ಬಿ ತಡವಾದರೆ ದಿನಕ್ಕೆ 50 ರೂಪಾಯಿ, ತೆರಿಗೆಯಿಲ್ಲದ ರಿಟರ್ನ್‌ಗೆ 20 ರೂಪಾಯಿ ವಿಳಂಬ ಶುಲ್ಕವಿದೆ. ಜೊತೆಗೆ ನಗದಾಗಿ ಪಾವತಿಸಬೇಕಾದ ತೆರಿಗೆಗೆ ವಾರ್ಷಿಕ ಶೇ. 18ರ ಬಡ್ಡಿ. ಆದರೆ 2024ರ ತಿದ್ದುಪಡಿಯಂತೆ, ನಿಗದಿತ ದಿನದೊಳಗೆ ನಗದು ಲೆಡ್ಜರ್‌ಗೆ ಜಮೆಯಾಗಿ ರಿಟರ್ನ್ ಸಲ್ಲಿಸುವವರೆಗೂ ಅಲ್ಲಿಯೇ ಇರುವ ಮೊತ್ತಕ್ಕೆ ಬಡ್ಡಿ ಬೀಳುವುದಿಲ್ಲ. ಹಾಗಾಗಿ ಚಲನ್ ಹಣವನ್ನು ಮುಂಚಿತವಾಗಿ ಕಟ್ಟಿಡಿರಿ. ತಿಂಗಳ 11ರೊಳಗೆ ಜಿಎಸ್‌ಟಿಆರ್-1 ಸಲ್ಲಿಸದಿದ್ದರೆ ನಮ್ಮ ಗ್ರಾಹಕರಿಗೆ ಆ ತಿಂಗಳ ಹೂಡುವಳಿ ತೆರಿಗೆ ಜಮೆಯೂ ತಪ್ಪುತ್ತದೆ. ಇದರಿಂದಾಗುವ ವಿಶ್ವಾಸನಷ್ಟವನ್ನು ಯಾವ ಲೆಡ್ಜರಿನಲ್ಲೂ ಬರೆಯಲಾಗದು.

ತಿಂಗಳ 8ರಿಂದ 20ರವರೆಗೆ ಲ್ಯಾಪ್‌ಟಾಪ್‌ಗೆ ಯಾವ ಅಪ್‌ಡೇಟನ್ನೂ ಹಾಕದೆ 21ರ ನಂತರ ಹಾಕುವುದನ್ನು ರೂಢಿಸಿಕೊಳ್ಳುವುದು ಲೇಸು. ಲೆಕ್ಕಪುಸ್ತಕಕ್ಕೆ ಶಿಸ್ತು ಬೇಕಾದಂತೆ ಲೆಕ್ಕ ಬರೆಯುವ ಯಂತ್ರಕ್ಕೂ ಶಿಸ್ತು ಬೇಕೆಂಬುದನ್ನು ಸದಸ್ಯ ಬಾಂಧವರು ಗಮನಿಸಬೇಕಾಗಿ ವಿನಂತಿ.