ಲೈಬ್ರರಿಯೇ, ನಿನ್ನ ಆವೃತ್ತಿ ಯಾವುದು?

ಉಡುಪಿಯ ಮಠಗಳ ತಾಳೆಗರಿ ಗ್ರಂಥಗಳಲ್ಲಿ ತುಳು-ತಿಗಳಾರಿ ಲಿಪಿಯನ್ನು ನೀವು ನೋಡಿರಬಹುದು. ಗಣಕಗಳು ಬಳಸುವ ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ ಈ ಲಿಪಿಗೆ ಸ್ಥಾನ ದೊರೆತದ್ದು 2024ರ ಸೆಪ್ಟೆಂಬರ್‌ನಲ್ಲಿ. ಆಗ ಹೊರಬಂದ 16.0ನೇ ಆವೃತ್ತಿಯಲ್ಲಿ ಈ ಲಿಪಿಯ 80 ಸಂಕೇತಗಳು ಸೇರಿದವು.

ಮಣಿಪಾಲದ ವಿದ್ಯಾರ್ಥಿಯೊಬ್ಬ ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಂ ಒಂದನ್ನು ಬರೆದಿದ್ದಾನೆ ಎಂದುಕೊಳ್ಳಿ. ಟೈಪ್ ಮಾಡಿದ ಪಠ್ಯದಲ್ಲಿ ಯೂನಿಕೋಡ್ ಇನ್ನೂ ಯಾರಿಗೂ ಹಂಚಿಲ್ಲದ ಸಂಕೇತಗಳಿದ್ದರೆ ಅವನ್ನು ಕಸವೆಂದು ಅಳಿಸುವುದು ಅದರ ಕೆಲಸ. ಅವನ ಗಣಕದಲ್ಲಿರುವುದು ಪೈಥಾನ್ 3.14, ಎಲ್ಲವೂ ಸರಿಯಾಗಿದೆ. ಅದೇ ಪ್ರೋಗ್ರಾಂ ಕಾರ್ಕಳದ ಶಾಲೆಯೊಂದರ ಪೈಥಾನ್ 3.13ರಲ್ಲಿ ಓಡಿದಾಗ ತುಳು ಅಕ್ಷರಗಳೆಲ್ಲ ಮಾಯ! ದೋಷದ ಸಂದೇಶವೂ ಇಲ್ಲ. ಕಾರಣವೇನು? ಅಲ್ಲಿನ ‘ಯೂನಿಕೋಡ್‌ಡೇಟಾ’ ಲೈಬ್ರರಿ ಬಲ್ಲದ್ದು ಯೂನಿಕೋಡ್ 15.1ರ ವರೆಗೆ ಮಾತ್ರ. ಅದರ ಪಾಲಿಗೆ ಈ ಅಕ್ಷರಗಳು ಹುಟ್ಟೇ ಇಲ್ಲ.

ಪರಿಹಾರ ಸರಳ. ಆ ಲೈಬ್ರರಿ ‘ಯೂನಿಡೇಟಾ_ವರ್ಷನ್’ ಎಂಬ ಹೆಸರಿನಲ್ಲಿ ತನ್ನ ಆವೃತ್ತಿಯನ್ನು ತಾನೇ ತಿಳಿಸುತ್ತದೆ: 3.14ರಲ್ಲಿ ‘16.0.0’, 3.13ರಲ್ಲಿ ‘15.1.0’. ಪ್ರೋಗ್ರಾಂ ಮೊದಲು ಇದನ್ನು ಕೇಳಬೇಕು. 16ಕ್ಕಿಂತ ಹಳೆಯದಾದರೆ ಪಠ್ಯವನ್ನು ಮುಟ್ಟದೆ, ಕಾರಣ ತಿಳಿಸಿ ನಿಲ್ಲಬೇಕು.

ಹೋಲಿಸುವಾಗ ಎಚ್ಚರಿಕೆ ಬೇಕು. ಪೈಥಾನ್ 3.6ರಲ್ಲಿ ದೊರೆಯುವ ಉತ್ತರ ‘9.0.0’. ಇದನ್ನು ‘16.0.0’ ಜೊತೆ ಬರಿಯ ಅಕ್ಷರಸಾಲಾಗಿ ಹೋಲಿಸಿದರೆ, ಮೊದಲ ಅಕ್ಷರಗಳಾದ 9 ಮತ್ತು 1ನ್ನು ನೋಡಿ ಗಣಕವು 9.0.0 ದೊಡ್ಡದೆನ್ನುತ್ತದೆ. ಆದ್ದರಿಂದ ಚುಕ್ಕಿಗಳಲ್ಲಿ ಒಡೆದು, ಪ್ರತಿ ಭಾಗವನ್ನೂ ಸಂಖ್ಯೆಯಾಗಿ ಪರಿವರ್ತಿಸಿ, ಎಡದಿಂದ ಬಲಕ್ಕೆ ಹೋಲಿಸಬೇಕು.

ಸಿ ಭಾಷೆಯಲ್ಲಿ ಇನ್ನೊಂದು ತೊಡಕಿದೆ. ಮಣಿಪಾಲದಲ್ಲಿ ಕಂಪೈಲ್ ಮಾಡಿದ ಪ್ರೋಗ್ರಾಂ ಕಾಪುವಿನ ಗಣಕದಲ್ಲಿ ಓಡುವಾಗ ಅಲ್ಲಿನ ಲೈಬ್ರರಿಯನ್ನು ಬಳಸಬಹುದು. ಹಾಗಾಗಿ ದತ್ತ ಸಂಕೋಚನದ ‘ಝೆಡ್‌ಲಿಬ್’ ಲೈಬ್ರರಿ ಎರಡು ಉತ್ತರ ಕೊಡುತ್ತದೆ: ಹೆಡರ್ ಕಡತದಲ್ಲಿರುವುದು ಕಂಪೈಲ್ ಮಾಡಿದಾಗಿನ ಆವೃತ್ತಿ, ‘ಝೆಡ್‌ಲಿಬ್‌ವರ್ಷನ್’ ಫಂಕ್ಷನ್ ಹೇಳುವುದು ಈಗ ಓಡುತ್ತಿರುವುದರದ್ದು. ಎರಡನ್ನೂ ಹೋಲಿಸಿದರೆ ಹೊಂದಾಣಿಕೆ ತಪ್ಪಿರುವುದು ಗೊತ್ತಾಗುತ್ತದೆ.

ನೀವೇ ಲೈಬ್ರರಿ ಬರೆಯುವುದಾದರೆ ಆವೃತ್ತಿ ಸಂಖ್ಯೆಯನ್ನು ಕೈಪಿಡಿಯಲ್ಲಿ ಮಾತ್ರ ಮುದ್ರಿಸಿ ಸುಮ್ಮನಾಗಬೇಡಿ. ಕೈಪಿಡಿಯನ್ನು ಓದುವವರು ಮನುಷ್ಯರು. ಪ್ರೋಗ್ರಾಂ ಅದನ್ನು ಓದಲಾರದು. ಶಿಕ್ಷಕರು ಪ್ರಯೋಗಾಲಯದ ಪ್ರತಿ ಗಣಕದಲ್ಲೂ ‘ಯೂನಿಡೇಟಾ_ವರ್ಷನ್’ ಮುದ್ರಿಸಿ ನೋಡಲು ವಿದ್ಯಾರ್ಥಿಗಳಿಗೆ ಹೇಳಬಹುದು. ಒಂದೇ ಕೋಣೆಯಲ್ಲಿ ಎಷ್ಟು ಬಗೆಯ ಉತ್ತರಗಳು ಬಂದವು?