ಮೀನುತೊಟ್ಟಿಯ ತಳಕ್ಕೆ ಎಂಥ ಕಲ್ಲು?

ಗಾಜಿನ ತೊಟ್ಟಿಯ ತಳಕ್ಕೆ ಹಾಸುವ ಸಣ್ಣ ಕಲ್ಲು ಬರಿಯ ಅಲಂಕಾರಕ್ಕೆಂದು ಹಲವರು ತಿಳಿದಿರುವರು. ಹಾಗಲ್ಲ. ಮೀನಿನ ಮಲಮೂತ್ರದಿಂದ ನೀರಿಗೆ ಅಮೋನಿಯಾ ಎಂಬ ವಿಷ ಸೇರುತ್ತದೆ. ಅದನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟಾಗಿ ಮಾರ್ಪಡಿಸುವ ಸೂಕ್ಷ್ಮಾಣುಗಳು ಈ ಕಲ್ಲುಗಳ ಮೈಮೇಲೆಯೇ ನೆಲೆಸುವುವು.

ಕೆಮ್ಮಣ್ಣಿನವರಿಗೆ ಸ್ವರ್ಣಾ ಹೊಳೆಯೂ ಹತ್ತಿರ, ಕಡಲೂ ಹತ್ತಿರ. ಆದರೆ ಅಳಿವೆಯ ಮರಳು ಬೇಡ. ಅದರ ಉಪ್ಪು ತೊಳೆದರೆ ಹೋದೀತು, ಚಿಪ್ಪಿನ ಚೂರು ಹೋಗದು. ಸುಟ್ಟರೆ ಸುಣ್ಣವಾಗುವ ಆ ಚಿಪ್ಪು ತೊಟ್ಟಿಯಲ್ಲಿ ಮೆಲ್ಲಗೆ ಕರಗಿ ನೀರನ್ನು ಗಡಸು ಮಾಡುತ್ತದೆ. ಗಪ್ಪಿ ಮೀನು ತಾಳಿಕೊಂಡೀತು. ಮೆದುನೀರಿನ ಮೀನುಗಳು ಸೊರಗುವುವು. ಸಂಶಯವಿದ್ದರೆ ಕಲ್ಲಿನ ಮೇಲೆ ವಿನೆಗರ್ ಹನಿಸಿ ನೋಡಿರಿ. ನೊರೆ ಎದ್ದರೆ ಅಂಥ ಕಲ್ಲನ್ನು ಬಿಡತಕ್ಕದ್ದು.

ಮನೆ ಕಟ್ಟಿ ಉಳಿದ, ಸಿಮೆಂಟು ಸೋಕದ ಸಿಹಿನೀರ ಹೊಳೆಮರಳಿದ್ದರೆ ಜರಡಿ ಹಿಡಿದು, ಹೆಸರುಕಾಳಿನಿಂದ ತೊಗರಿಕಾಳಿನವರೆಗಿನ ಗಾತ್ರದ ಕಲ್ಲು ಆರಿಸಿರಿ. ತೀರ ನುಣುಪಾದ ಮರಳು ಒತ್ತಿಕೊಂಡು ಅಡಿಯಲ್ಲಿ ಕೊಳೆಯುತ್ತದೆ. 2 ಅಡಿ ಉದ್ದ, 1 ಅಡಿ ಅಗಲದ ತೊಟ್ಟಿಗೆ 2 ಅಂಗುಲ ದಪ್ಪ ಹಾಸಲು ಸುಮಾರು 15 ಕಿಲೋ ಬೇಕು. ಸ್ವಲ್ಪಸ್ವಲ್ಪವೇ ಬಾಲ್ದಿಗೆ ಹಾಕಿ, ಅಕ್ಕಿ ತೊಳೆದಂತೆ, ತಿಳಿನೀರು ಬರುವ ತನಕ ತೊಳೆಯಿರಿ. ಸೋಪು ಕೂಡದು. ಊರಿನ ಹೆಸರೇ ಕೆಂಪು ಮಣ್ಣು. ಆ ಮಣ್ಣು ಮಾತ್ರ ತೊಟ್ಟಿಗೆ ಇಳಿಯಬಾರದು!

ಹಾಸಿದ ಮೇಲೆ ವಾರವಾರವೂ ಕಲ್ಲನ್ನೆಲ್ಲ ತೆಗೆದು ತಿಕ್ಕಿ, ಬಿಸಿಲಿಗೆ ಒಣಗಿಸುವವರಿದ್ದಾರೆ. ಇದರಿಂದ ಸೂಕ್ಷ್ಮಾಣುಗಳೆಲ್ಲ ನಾಶವಾಗಿ, ಕನ್ನಡಿಯಂಥ ನೀರಿನಲ್ಲಿಯೇ ಮೀನು ಸಾಯುತ್ತದೆ. ಕಲ್ಲನ್ನು ಇದ್ದಲ್ಲಿಯೇ ಬಿಟ್ಟು, ರಬ್ಬರು ಕೊಳವೆಯಿಂದ ತಳದ ಕಸವನ್ನು ಕಾಲುಭಾಗ ನೀರಿನೊಂದಿಗೆ ಹೊರಕ್ಕೆ ಎಳೆದರೆ ಸಾಕು.