ಸಹಿಸಿಕೊಳ್ಳಲೇಬೇಕಾದ ನೋವೇ ಇದು?

ಪ್ರತಿ ತಿಂಗಳೂ ಎರಡು-ಮೂರು ದಿನ ಶಾಲೆಗೆ ರಜೆ. ಹೊಟ್ಟೆ ಹಿಡಿದುಕೊಂಡು ಮಲಗಿದ ಮಗಳಿಗೆ ಅಮ್ಮ ಕಷಾಯ ಮಾಡಿಕೊಡುತ್ತಾಳೆ, ಬಿಸಿನೀರಿನ ಚೀಲ ಇಡುತ್ತಾಳೆ. ‘ನಮಗೂ ಹೀಗೇ ಆಗುತ್ತಿತ್ತು, ಮದುವೆಯಾದರೆ ಸರಿಹೋಗುತ್ತೆ ಬಿಡು’ ಎಂದು ಅಜ್ಜಿ ಸಮಾಧಾನ ಹೇಳುತ್ತಾಳೆ. ಅಪ್ಪನವರೆಗೆ ವಿಷಯ ಹೋಗುವುದೇ ಇಲ್ಲ. ಹೀಗೇ ವರ್ಷಗಳು ಉರುಳುತ್ತವೆ.

ಮುಟ್ಟಿನ ನೋವೆಲ್ಲ ರೋಗವಲ್ಲ, ನಿಜ. ಗರ್ಭಕೋಶದ ಒಳಪೊರೆ ಕಳಚಿಕೊಳ್ಳುವಾಗ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ಹುಟ್ಟಿ ಅಲ್ಲಿನ ಸ್ನಾಯುವನ್ನು ಹಿಂಡುತ್ತವೆ. ಒಂದೆರಡು ದಿನ ಕಿಬ್ಬೊಟ್ಟೆ ನೋಯುವುದು ಇದರಿಂದಲೇ. ಆದರೆ ನೋವು ದಿನಚರಿಯನ್ನೇ ನಿಲ್ಲಿಸುವಂತಿದ್ದರೆ ಅದರ ಹಿಂದೆ ಎಂಡೊಮೆಟ್ರಿಯೋಸಿಸ್ ಇರಬಹುದು. ಮುಟ್ಟಾಗುವ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ ಸುಮಾರು 10 ಮಂದಿಗೆ, ಅಂದರೆ ಜಗತ್ತಿನಲ್ಲಿ 19 ಕೋಟಿ ಮಂದಿಗೆ ಈ ತೊಂದರೆ ಇದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

ಗರ್ಭಕೋಶದ ಒಳಪೊರೆಯನ್ನು ಹೋಲುವ ಅಂಗಾಂಶ ಅದರ ಹೊರಗೆ, ಅಂಡಾಶಯದ ಮೇಲೋ ಕರುಳಿನ ಸುತ್ತಲೋ ಬೆಳೆಯುವುದೇ ಈ ರೋಗ. ಮುಟ್ಟಿನ ರಕ್ತದ ಒಂದು ಪಾಲು ಅಂಡನಾಳಗಳ ಮೂಲಕ ಹಿಮ್ಮುಖವಾಗಿ ಹರಿದು, ಅದರೊಡನೆ ಹೋದ ಜೀವಕೋಶಗಳು ಕಿಬ್ಬೊಟ್ಟೆಯೊಳಗೆ ಬೇರೂರುತ್ತವೆ ಎಂದು ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ 1927ರಲ್ಲಿ ವಿವರಿಸಿದರು. ಆದರೆ ಇಂಥ ಹಿಮ್ಮುಖ ಹರಿವು ಬಹುಪಾಲು ಹೆಂಗಸರಲ್ಲಿ ಇರುತ್ತದೆ. ರೋಗ ಮಾತ್ರ ಕೆಲವರಿಗಷ್ಟೇ ಬರುತ್ತದೆ. ಏಕೆ?

ಉತ್ತರದ ಒಂದು ಭಾಗ ದೇಹದ ಕಾವಲು ವ್ಯವಸ್ಥೆಯಲ್ಲಿದೆ. ದಾರಿ ತಪ್ಪಿ ಬಂದ ಕೋಶಗಳನ್ನು ನುಂಗಿ ಹಾಕುವುದು ಮ್ಯಾಕ್ರೊಫೇಜ್ ಎಂಬ ಭಕ್ಷಕ ಕೋಶಗಳ ಕೆಲಸ. ಈ ರೋಗಿಗಳಲ್ಲಿ ಅವು ಹೆಚ್ಚು ಸಂಖ್ಯೆಯಲ್ಲಿ ಸೇರುತ್ತವೆ, ಆದರೆ ಕಸವನ್ನು ಪೂರ್ತಿ ಗುಡಿಸುವುದಿಲ್ಲ. ಬದಲಿಗೆ ಇಂಟರ್‌ಲ್ಯೂಕಿನ್, ಟಿಎನ್‌ಎಫ್ ಮುಂತಾದ ಸಂದೇಶವಾಹಕ ಅಣುಗಳನ್ನು ಹೊರಸೂಸುತ್ತ ಹೋಗುತ್ತವೆ. ಊರಲ್ಲಿ ಬೆಂಕಿ ಬಿದ್ದರೆ ಗಂಟೆ ಬಾರಿಸುವುದು ಸರಿಯೇ. ಅದು ನಿಲ್ಲದೆ ಬಾರಿಸುತ್ತಲೇ ಇದ್ದರೆ? ಅದೇ ಉರಿಯೂತ.

ಈ ಸಂದೇಶಗಳಿಂದ ಪ್ರೋಸ್ಟಾಗ್ಲಾಂಡಿನ್ ಹೆಚ್ಚುತ್ತದೆ. ಅದು ಆ ಅಂಗಾಂಶದಲ್ಲೇ ಈಸ್ಟ್ರೊಜನ್ ತಯಾರಾಗುವಂತೆ ಮಾಡುತ್ತದೆ. ಈಸ್ಟ್ರೊಜನ್ ಅಂಗಾಂಶವನ್ನು ಬೆಳೆಸುವುದಲ್ಲದೆ ಮತ್ತಷ್ಟು ಪ್ರೋಸ್ಟಾಗ್ಲಾಂಡಿನ್ ಹುಟ್ಟಿಸುತ್ತದೆ. ಗಾಣದ ಎತ್ತಿನಂತೆ ಸುತ್ತಿದ್ದೇ ಸುತ್ತು! ಬೇರೆ ಅಣುಗಳು ಹೊಸ ರಕ್ತನಾಳ, ನರತಂತುಗಳನ್ನು ಅಲ್ಲಿಗೆ ಕರೆತರುತ್ತವೆ. ಹೀಗಾಗಿ ಆ ನೋವು ಹುಡುಗಿಯ ನೆಪವಲ್ಲ, ಭ್ರಮೆಯೂ ಅಲ್ಲ.

ಆಸ್ಪಿರಿನ್ ಪ್ರೋಸ್ಟಾಗ್ಲಾಂಡಿನ್ ತಯಾರಿಕೆಯನ್ನು ತಡೆಯುತ್ತದೆಂದು ಬ್ರಿಟನ್ನಿನ ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರ ನೊಬೆಲ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು. ಐಬುಪ್ರೊಫೆನ್, ಮೆಫೆನಾಮಿಕ್ ಆಮ್ಲದ ಮಾತ್ರೆಗಳು ನೋವು ತಗ್ಗಿಸುವುದೂ ಇದೇ ದಾರಿಯಲ್ಲಿ. ಹಾರ್ಮೋನು ಮಾತ್ರೆಗಳು ಈಸ್ಟ್ರೊಜನ್ನಿನ ಕಡೆಯಿಂದ ಸುತ್ತನ್ನು ಮುರಿಯುತ್ತವೆ. ಟಿಎನ್‌ಎಫ್ ಒಂದನ್ನೇ ತಡೆಯುವ ಇನ್‌ಫ್ಲಿಕ್ಸಿಮಾಬ್ ಔಷಧವನ್ನು ಪರೀಕ್ಷಿಸಿದಾಗ ಮಾತ್ರ ನೋವು ತಗ್ಗಲಿಲ್ಲವೆಂದು 2008ರಲ್ಲಿ ವರದಿಯಾಯಿತು. ಒಂದು ಗಂಟೆಯ ಬಾಯಿ ಕಟ್ಟಿದರೆ ಸಾಲದು, ಗಂಟೆಗಳು ಹಲವಿವೆ. ಶಾಶ್ವತ ಪರಿಹಾರ ಇನ್ನೂ ಸಿಕ್ಕಿಲ್ಲ. ಆದರೆ ಔಷಧದಿಂದ, ಅಗತ್ಯವಿದ್ದರೆ ಶಸ್ತ್ರಚಿಕಿತ್ಸೆಯಿಂದ ನೋವನ್ನು ಹಿಡಿತದಲ್ಲಿಡಬಹುದು.

ಹೆತ್ತವರು ಗಮನಿಸಬೇಕಾದದ್ದು ಇಷ್ಟು: ಮಾತ್ರೆಗೂ ಬಗ್ಗದ ನೋವು, ತಿಂಗಳಿಂದ ತಿಂಗಳಿಗೆ ಹೆಚ್ಚುವ ನೋವು, ಮಲ-ಮೂತ್ರ ವಿಸರ್ಜನೆಯ ವೇಳೆ ನೋವು, ಪದೇ ಪದೇ ತಪ್ಪುವ ಶಾಲೆ. ಇವುಗಳಲ್ಲಿ ಯಾವುದಿದ್ದರೂ ಸ್ತ್ರೀರೋಗ ತಜ್ಞರ ಸಲಹೆ ಬೇಕು. ನೋವಿನ ದಿನಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಅವರಿಗೆ ಅನುಕೂಲ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೂ ರೋಗವಿಲ್ಲವೆಂದು ತೀರ್ಮಾನಿಸುವಂತಿಲ್ಲ. ಮದುವೆ ಇದಕ್ಕೆ ಮದ್ದಲ್ಲ. ಮಗಳ ಮಾತನ್ನು ನಂಬುವುದೇ ಚಿಕಿತ್ಸೆಯ ಮೊದಲ ಹೆಜ್ಜೆ, ಅಮ್ಮನಷ್ಟೇ ಅಪ್ಪನೂ.